ಪಾಯಿಂಟ್ ಹೋಗಿ ಟ್ರಾನ್ಸಿಸ್ಟರ್ ಬಂದ ಬಗೆ: ಎಲೆಕ್ಟ್ರಾನಿಕ್ ಇಗ್ನಿಷನ್ ಇತಿಹಾಸದ ಒಂದು ಮರುಪರಿಶೀಲನೆ

ಪೆಟ್ರೋಲ್ ಕಾರಿನ ಎಂಜಿನ್ನಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದದ್ದನ್ನು ಸಾಮಾನ್ಯವಾಗಿ ಟ್ರಾನ್ಸಿಸ್ಟರಿನ ವಿಜಯಗಾಥೆಯಾಗಿಯೇ ಹೇಳುವುದುಂಟು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು, ಬರಬರುತ್ತ ಅಗ್ಗವಾಯಿತು, ಕಾರಿನೊಳಗೂ ಸೇರಿತು ಎಂಬ ಧಾಟಿ ಅದು. ಆದರೆ ಇಸವಿಗಳು ಈ ಕಥೆಗೆ ಒಗ್ಗುವುದಿಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯ ಪಾಂಟಿಯಾಕ್ ಕಾರುಗಳಲ್ಲಿ ಪಾಯಿಂಟ್ (ತೆರೆದು ಮುಚ್ಚುವ ಲೋಹದ ಸ್ವಿಚ್ಚು) ಇಲ್ಲದ ಟ್ರಾನ್ಸಿಸ್ಟರ್ ಇಗ್ನಿಷನ್ 1963ರಲ್ಲೇ ಸಿಗುತ್ತಿತ್ತು, ಹೆಚ್ಚಿನ ಹಣ ತೆರುವವರಿಗೆ ಮಾತ್ರ. ಅದೇ ಸಂಸ್ಥೆ ಅಮೆರಿಕದ ತನ್ನ ಬಹುತೇಕ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದ್ದು 1975ರ ಮಾದರಿಗಳಲ್ಲಿ. ಕೈಯಲ್ಲಿದ್ದ ತಂತ್ರ 12 ವರ್ಷ ಮೂಲೆಯಲ್ಲಿ ಉಳಿದದ್ದೇಕೆ? ಅದನ್ನು ಮೂಲೆಯಿಂದ ಎಬ್ಬಿಸಿದ್ದು ಹೊಗೆಯ ಮೇಲೆ ಬಂದ ಕಾನೂನು ಎಂಬುದು ಈ ಲೇಖನದ ವಾದ.

ವಾದಕ್ಕೆ ಮೊದಲು ಪಾಯಿಂಟಿನ ಕಷ್ಟವನ್ನು ಹತ್ತಿರದಿಂದ ನೋಡಬೇಕು. ಚಾರ್ಲ್ಸ್ ಕೆಟರಿಂಗ್ ರೂಪಿಸಿ 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದ ವ್ಯವಸ್ಥೆಯಲ್ಲಿ ಬ್ಯಾಟರಿಯ ವಿದ್ಯುತ್ತು ಮುಚ್ಚಿದ ಪಾಯಿಂಟ್‌ಗಳ ಮೂಲಕ ಇಗ್ನಿಷನ್ ಕಾಯಿಲಿನ ಮೊದಲ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಡಿಸ್ಟ್ರಿಬ್ಯೂಟರಿನ ಕ್ಯಾಮ್ ತಿರುಗಿ ಪಾಯಿಂಟ್ ತೆರೆದಾಕ್ಷಣ ಪ್ರವಾಹ ಕಡಿದು ಆ ಕ್ಷೇತ್ರ ಕುಸಿಯುತ್ತದೆ. ನೂರು ಪಟ್ಟಿನಷ್ಟು ಹೆಚ್ಚು ಸುತ್ತುಗಳಿರುವ ಎರಡನೆಯ ಸುರುಳಿಯಲ್ಲಿ ಆಗ ಸುಮಾರು 20,000 ವೋಲ್ಟ್ ಎದ್ದು ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಟು ಸಿಲಿಂಡರಿನ ಎಂಜಿನ್ನಿಗೆ ಸೆಕೆಂಡಿಗೆ 400 ಕಿಡಿ ಬೇಕು. ಎಂದರೆ ಪಾಯಿಂಟು ಅಷ್ಟು ಸಲ ತೆರೆದು ಮುಚ್ಚಬೇಕು. ಕಂಡೆನ್ಸರ್ ಇದ್ದರೂ ಪ್ರತಿ ಸಲ ಒಂದಿಷ್ಟು ಲೋಹ ಸುಡುತ್ತದೆ. ಒಂದು ಮುಖದಲ್ಲಿ ಗುಳಿ, ಎದುರಿನದರಲ್ಲಿ ಗುಬುಟು. ಇದಕ್ಕಿಂತ ಕೆಟ್ಟದ್ದು ಕ್ಯಾಮಿಗೆ ಉಜ್ಜುವ ಫೈಬರ್ ತುಂಡಿನ ಸವೆತ. ಅದು ಸವೆದಂತೆ ಪಾಯಿಂಟಿನ ಗ್ಯಾಪ್ ಕಿರಿದಾಗಿ, ಪಾಯಿಂಟ್ ತಡವಾಗಿ ತೆರೆದು, ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ. 1960ರ ದಶಕದ ಕೆಲವು ವ್ಯವಸ್ಥೆಗಳು ಪಾಯಿಂಟನ್ನು ಉಳಿಸಿಕೊಂಡು, ಭಾರದ ಪ್ರವಾಹವನ್ನಷ್ಟೇ ಟ್ರಾನ್ಸಿಸ್ಟರಿಗೆ ಹೊರಿಸಿದವು. ಸುಡುವುದು ನಿಂತಿತು, ಉಜ್ಜುವುದು ನಿಲ್ಲಲಿಲ್ಲ. ರೋಗದ ಬೇರು ಎಲ್ಲಿತ್ತೆಂಬುದಕ್ಕೆ ಈ ಅರೆಬರೆ ಪರಿಹಾರವೇ ಸಾಕ್ಷಿ.

ಮಾಲೀಕನಿಗೆ ಇದು ದೊಡ್ಡ ತಲೆನೋವೇನೂ ಆಗಿರಲಿಲ್ಲ. ಸುಮಾರು 16,000 ಕಿಲೋಮೀಟರಿಗೊಮ್ಮೆ ಅಗ್ಗದ ಪಾಯಿಂಟ್ ಸೆಟ್ ಹಾಕಿಸಿ, ಫೀಲರ್ ಗೇಜಿನಿಂದ ಗ್ಯಾಪ್ ಹೊಂದಿಸಿದರೆ ಗಾಡಿ ಮತ್ತೆ ಸರಾಗ. ಲೆಕ್ಕಾಚಾರ ಬದಲಾದದ್ದು 1970ರ ಡಿಸೆಂಬರಿನಲ್ಲಿ, ಅಮೆರಿಕದ ಶುದ್ಧ ಗಾಳಿ ಕಾಯಿದೆಯಿಂದ. ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು 1975ರ ಹೊತ್ತಿಗೆ ಶೇ. 90ರಷ್ಟು ಇಳಿಸಬೇಕೆಂದ ಕಾಯಿದೆ, ಹೊಸ ಕಾರು ಮಾತ್ರ ಶುದ್ಧವಾಗಿದ್ದರೆ ಸಾಲದು, 5 ವರ್ಷ ಅಥವಾ 50,000 ಮೈಲಿಯವರೆಗೆ ಹಾಗೇ ಇರಬೇಕು ಎಂದಿತು. ಈ ಎರಡನೆಯ ಷರತ್ತನ್ನು ಇತಿಹಾಸಗಳು ಹಗುರವಾಗಿ ದಾಟುತ್ತವೆ; ನನ್ನ ದೃಷ್ಟಿಯಲ್ಲಿ ಗಂಟಿರುವುದೇ ಅಲ್ಲಿ. ಎಂಜಿನ್ ಮಿಸ್ಸಿಂಗ್ ಹೊಡೆದರೆ ಉರಿಯದ ಪೆಟ್ರೋಲ್, ಈ ಮಿತಿ ಮುಟ್ಟಲು ಹೊಗೆಯ ದಾರಿಯಲ್ಲಿ ಕೂರಿಸಿದ ವೇಗವರ್ಧಕ ಪರಿವರ್ತಕಕ್ಕೆ ಹೋಗಿ, ಅಲ್ಲಿ ಉರಿದು, ದುಬಾರಿ ಪರಿವರ್ತಕವನ್ನೇ ಸುಟ್ಟು ಹಾಳುಮಾಡುತ್ತದೆ. ಜನರಲ್ ಮೋಟಾರ್ಸ್ ಕಾರುಗಳಿಗೆ ಈ ಪರಿವರ್ತಕವೂ ಹೊಸ ಇಗ್ನಿಷನ್ನೂ ಒಂದೇ ವರ್ಷದ ಮಾದರಿಯಲ್ಲಿ ವ್ಯಾಪಕವಾಗಿ ಬಂದದ್ದು ಕಾಕತಾಳೀಯವಲ್ಲ. ಇಂಧನ ಕಡಿಮೆಯಾಗಿ ಹೊಗೆಯ ಮರುಬೆರಕೆಯಿದ್ದ ಮಿಶ್ರಣ ಸುಲಭಕ್ಕೆ ಹೊತ್ತಿಕೊಳ್ಳದಾದಾಗ, ಪ್ಲಗ್ಗಿನ ಗ್ಯಾಪನ್ನು 0.9 ಮಿಲಿಮೀಟರಿನ ಆಸುಪಾಸಿನಿಂದ 1.5ಕ್ಕೆ ಹಿಗ್ಗಿಸಬೇಕಾಯಿತು. ಆ ಗ್ಯಾಪ್ ಹಾರಲು ಬೇಕಾದ ವೋಲ್ಟೇಜನ್ನು ಸಾವಿರಾರು ಮೈಲಿ ಒಂದೇ ಸಮ ಕೊಡುವುದು ಸವೆಯುವ ಪಾಯಿಂಟಿನಿಂದ ಆಗದ ಮಾತು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಕ್ರೈಸ್ಲರ್ 1971ರಲ್ಲೇ ಸೀಮಿತವಾಗಿ ಆರಂಭಿಸಿ, 1973ರ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಅನ್ನು ಎಲ್ಲೆಡೆ ತಂದಿತು. 1975ರ ಗಡುವಿಗೂ ಮುನ್ನ. ಹಾಗಾದರೆ ಕಾನೂನು ಹೇಗೆ ಕಾರಣವಾದೀತು? ಗಡುವು 1975ರದಾದರೂ ಅದರ ಸುಳಿವು 1970ರಲ್ಲೇ ಸಿಕ್ಕಿತ್ತು, ಹೊಗೆಯ ಮಿತಿಗಳು ಅದಕ್ಕೂ ಮೊದಲೇ ಬಿಗಿಯಾಗತೊಡಗಿದ್ದವು. ಕ್ರೈಸ್ಲರ್ ವಿನ್ಯಾಸವೂ ಇದನ್ನೇ ಹೇಳುತ್ತದೆ: ಹಲ್ಲಿನ ಚಕ್ರ ಕಾಂತದ ಎದುರು ಹಾಯುವಾಗ ಪಿಕಪ್ ಸುರುಳಿಯಲ್ಲಿ ಹುಟ್ಟುವ ಸಂಕೇತವೇ ಟ್ರಾನ್ಸಿಸ್ಟರಿಗೆ ಪ್ರವಾಹ ಕಡಿಯುವ ಆಜ್ಞೆ. ನಡುವಿನ ಸಂದು 0.2 ಮಿಲಿಮೀಟರ್. ಕಾಂತಕ್ಕೆ ಅಂಟದ ಫೀಲರ್ ಗೇಜಿನಿಂದ ಒಮ್ಮೆ ಹೊಂದಿಸಿದರೆ, ಯಾವುದೂ ಯಾವುದನ್ನೂ ಮುಟ್ಟದ ಕಾರಣ ಅದು ಸವೆದು ಬದಲಾಗುವುದಿಲ್ಲ. ಇನ್ನೊಂದು ಆಕ್ಷೇಪ, 1960ರ ದಶಕದ ಜರ್ಮೇನಿಯಂ ಟ್ರಾನ್ಸಿಸ್ಟರ್ ಎಂಜಿನ್ ಶಾಖ ತಾಳುತ್ತಿರಲಿಲ್ಲ, ಸಿಲಿಕಾನ್ ಬಂದ ಮೇಲಷ್ಟೇ ದಾರಿ ತೆರೆಯಿತು ಎಂಬುದು. ಇದು ನಿಜ, ಒಪ್ಪಲೇಬೇಕು. ಆದರೆ ಸಿಲಿಕಾನ್ ಈ ಬದಲಾವಣೆಯನ್ನು ಸಾಧ್ಯವಾಗಿಸಿತು. ಕೇಳದ ಗ್ರಾಹಕನ ಅಗ್ಗದ ಕಾರಿಗೂ ಅದನ್ನು ಹಾಕಲೇಬೇಕಾದ ಒತ್ತಡ ಸಿಲಿಕಾನಿನಿಂದ ಬರಲಾರದು. 1973ರ ತೈಲ ಬಿಕ್ಕಟ್ಟಿನ ಮಾತು ಎತ್ತುವವರಿಗೆ ಉತ್ತರ ಚಿಕ್ಕದು: ಅದು ಆರಂಭವಾದದ್ದು ಆ ವರ್ಷದ ಅಕ್ಟೋಬರಿನಲ್ಲಿ, ಕ್ರೈಸ್ಲರ್ ನಿರ್ಧಾರ ಕಾರ್ಯರೂಪಕ್ಕೆ ಬಂದ ಮೇಲೆ.

ಇದೇ ಪ್ರಶ್ನೆಯನ್ನು ನಮ್ಮಲ್ಲೂ ಕೇಳಬಹುದು. ಭಾರತದಲ್ಲಿ ವೇಗವರ್ಧಕ ಪರಿವರ್ತಕ ಮತ್ತು ಸೀಸರಹಿತ ಪೆಟ್ರೋಲ್ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 1995ರ ಏಪ್ರಿಲ್‌ನಿಂದ, ಅದೂ ಮೊದಲು ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ. ಅಂಬಾಸಡರ್, ಪದ್ಮಿನಿಗಳ ಪಾಯಿಂಟ್‌ಗಳು ನಮ್ಮ ಗ್ಯಾರೇಜುಗಳಿಂದ ಮರೆಯಾದ ಬಗೆಯನ್ನು ಬರೆಯಹೊರಡುವ ಸಂಶೋಧಕರು ಕಂಪನಿಗಳ ಪೇಟೆಂಟ್ ಮತ್ತು ಜಾಹೀರಾತುಗಳಿಗೆ ನಿಲ್ಲದೆ, ಆ ಆದೇಶಗಳ ಕಡತಗಳನ್ನೂ ಮೆಕ್ಯಾನಿಕ್‌ಗಳ ಬಿಲ್ ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟು ಓದಬೇಕು.