ಊರ ಗ್ರಂಥಾಲಯ: ಕಾನೂನು, ಕರ ಮತ್ತು ಓದುಗ

ತುಮಕೂರು: ನಗರದ ಅಂಚಿನಲ್ಲಿರುವ ಅಂತರಸನಹಳ್ಳಿ ಹೆಸರಾಗಿರುವುದು ಕೈಗಾರಿಕಾ ಪ್ರದೇಶಕ್ಕೆ ಹಾಗೂ ಎಪಿಎಂಸಿ ತರಕಾರಿ ಮಾರುಕಟ್ಟೆಗೆ. ಮಾರುಕಟ್ಟೆಯ ವಹಿವಾಟು ನಸುಕಿನಲ್ಲೇ ಆರಂಭವಾದರೆ, ಕಾರ್ಖಾನೆಯ ದುಡಿಮೆ ಪಾಳಿಯ ಲೆಕ್ಕದಲ್ಲಿ ಸಾಗುತ್ತದೆ. ಇಂತಹ ಊರಿನ ಹಮಾಲರಿಗೆ, ಕಾರ್ಮಿಕರಿಗೆ ಮತ್ತು ಅವರ ಮಕ್ಕಳಿಗೆ ಪುಸ್ತಕ ಒದಗಿಸುವ ಹೊಣೆ ಯಾರದು? ಈ ಪ್ರಶ್ನೆಗೆ ಕರ್ನಾಟಕದ ಕಾನೂನು ಆರು ದಶಕಗಳ ಹಿಂದೆಯೇ ಉತ್ತರ ನೀಡಿದೆ. ಹೊಣೆ ಸರ್ಕಾರದ್ದು, ಅದಕ್ಕೆ ಬೇಕಾದ ಹಣದಲ್ಲಿ ಪಾಲು ನಾಗರಿಕರದ್ದು.

ಕಾನೂನು ಬಂದ ಬಗೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಚಾಲನೆ ದೊರೆತದ್ದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1915ರಲ್ಲಿ ನಿರ್ಮಾಣವಾದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಇಂದು ರಾಜ್ಯ ಕೇಂದ್ರ ಗ್ರಂಥಾಲಯವಿದೆ.

ಆದರೆ ಗ್ರಂಥಾಲಯವು ಆಳುವವರ ಔದಾರ್ಯವನ್ನು ನೆಚ್ಚಿಕೊಂಡಿರಬಾರದು, ಅದಕ್ಕೆ ಕಾನೂನಿನ ಬಲ ಬೇಕು ಎಂದು ಪಟ್ಟು ಹಿಡಿದವರು ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಹೆಸರಾದ ಎಸ್.ಆರ್. ರಂಗನಾಥನ್. ಸ್ವತಂತ್ರ ಭಾರತದಲ್ಲಿ ಮೊದಲು ಗ್ರಂಥಾಲಯ ಕಾಯ್ದೆ ತಂದದ್ದು ಮದ್ರಾಸ್ ಪ್ರಾಂತ್ಯ, 1948ರಲ್ಲಿ. ಬೆಂಗಳೂರಿನಲ್ಲಿ ನೆಲೆಸಿದ ರಂಗನಾಥನ್ 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿ ರೂಪುಗೊಂಡಿತು.

ಕರದ ಲೆಕ್ಕ

ಈ ಕಾಯ್ದೆಯ ಜೀವಾಳವೇ ಗ್ರಂಥಾಲಯ ಕರ. ನಗರ ಪ್ರದೇಶಗಳಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಿಧಿಸಲಾಗುತ್ತದೆ. ಮನೆಯೊಂದಕ್ಕೆ ವರ್ಷಕ್ಕೆ 2,000 ರೂಪಾಯಿ ಆಸ್ತಿ ತೆರಿಗೆ ಇದ್ದರೆ, ಅದರ ಜತೆಗೆ 120 ರೂಪಾಯಿ ಗ್ರಂಥಾಲಯಕ್ಕೆಂದೇ ಸಂದಾಯವಾಗುತ್ತದೆ. ಬಾಡಿಗೆದಾರರೂ ಬಾಡಿಗೆಯ ಮೂಲಕ ಪರೋಕ್ಷವಾಗಿ ಇದರಲ್ಲಿ ಪಾಲುದಾರರೇ.

ಸ್ಥಳೀಯ ಸಂಸ್ಥೆ ಈ ಹಣವನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು. ತೊಡಕು ಇರುವುದು ಇಲ್ಲಿಯೇ. ಬೆಂಗಳೂರು ಮಹಾನಗರ ಪಾಲಿಕೆಯಿಂದ ಬರಬೇಕಾದ ಕರದ ಬಾಕಿಯೇ ನೂರಾರು ಕೋಟಿ ರೂಪಾಯಿಗೆ ಏರಿದ ಸಂಗತಿ ಹಲವು ಬಾರಿ ಸಾರ್ವಜನಿಕ ಚರ್ಚೆಗೆ ಬಂದಿದೆ. ಓದುಗ ಕೊಟ್ಟ ಹಣ ಓದುಗನಿಗೆ ಪುಸ್ತಕವಾಗಿ ಮರಳದಿದ್ದರೆ ಕಪಾಟಿನಲ್ಲಿ ಹಳೆಯ ಪುಸ್ತಕಗಳಷ್ಟೇ ಉಳಿಯುತ್ತವೆ, ಪತ್ರಿಕೆಗಳ ಸಂಖ್ಯೆ ತಗ್ಗುತ್ತದೆ, ಖಾಲಿ ಹುದ್ದೆಗಳು ಖಾಲಿಯಾಗಿಯೇ ಇರುತ್ತವೆ.

ಹಳ್ಳಿಗಳಲ್ಲಿ ‘ಓದುವ ಬೆಳಕು’

ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಬಹುಕಾಲ ಇವು ದಿನಕ್ಕೆ ನಾಲ್ಕು ಗಂಟೆ ಮಾತ್ರ ತೆರೆದಿರುತ್ತಿದ್ದವು. ಅಲ್ಪ ಗೌರವಧನಕ್ಕೆ ದುಡಿಯುವ ಮೇಲ್ವಿಚಾರಕರೊಬ್ಬರು, ಒಂದೆರಡು ದಿನಪತ್ರಿಕೆ, ಬೀಗ ಹಾಕಿದ ಕಪಾಟು: ಅನೇಕ ಕಡೆ ಗ್ರಂಥಾಲಯವೆಂದರೆ ಇಷ್ಟೇ ಎಂಬ ಸ್ಥಿತಿಯಿತ್ತು.

2019ರಲ್ಲಿ ಈ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಮರುವರ್ಷ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತು, ಲಕ್ಷಾಂತರ ಮಕ್ಕಳು ಹೆಸರು ನೋಂದಾಯಿಸಿದರು. ಅನೇಕ ಕಡೆ ಕಟ್ಟಡಗಳಿಗೆ ಸುಣ್ಣಬಣ್ಣ ಕಂಡಿತು, ದಾನಿಗಳು ಪುಸ್ತಕ ನೀಡಿದರು, ಕಂಪ್ಯೂಟರ್‌ಗಳು ಬಂದವು, ಬಾಗಿಲು ತೆರೆದಿರುವ ಅವಧಿಯೂ ಹೆಚ್ಚಿತು. ಇವಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂಬ ಮಾತು ಎಷ್ಟು ಅವಸರದ್ದೆಂಬುದನ್ನು ಈ ಅನುಭವ ತೋರಿಸಿಕೊಟ್ಟಿದೆ. ಬಾಗಿಲು ತೆರೆದಿದ್ದು, ಕೈಗೆಟಕುವಂತೆ ಪುಸ್ತಕವಿಟ್ಟರೆ ಮಕ್ಕಳು ಬರುತ್ತಾರೆ.

ಆಫ್ರಿಕದ ಹಾದಿ

ಪುಸ್ತಕವಿರುವಲ್ಲಿಗೆ ಓದುಗ ಬರಲಾಗದಿದ್ದರೆ ಓದುಗನಿರುವಲ್ಲಿಗೆ ಪುಸ್ತಕ ಹೋಗಬೇಕು. ಕೀನ್ಯಾದ ಗರಿಸ್ಸಾದಲ್ಲಿ 1996ರಲ್ಲಿ ಆರಂಭವಾದ ಒಂಟೆ ಗ್ರಂಥಾಲಯದ ತತ್ವ ಇದೇ. ರಸ್ತೆಯಿಲ್ಲದ ಮರುಭೂಮಿ ಪ್ರದೇಶದ ಅಲೆಮಾರಿ ಕುಟುಂಬಗಳ ಮಕ್ಕಳಿಗೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಸೇವೆಯು ಒಂಟೆಗಳ ಮೇಲೆ ಪುಸ್ತಕ ಹೇರಿ ಕಳುಹಿಸಿತು. ಕನ್ನಡ ನಾಡಿಗೂ ಇದು ಅಪರಿಚಿತವಲ್ಲ. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು.

ಮಕ್ಕಳ ಮಾತಿನಲ್ಲೇ ಪುಸ್ತಕವಿರಬೇಕೆಂಬುದು ಇನ್ನೊಂದು ಪಾಠ. ದಕ್ಷಿಣ ಆಫ್ರಿಕದ ಸಂಸ್ಥೆಯೊಂದು 2014ರಲ್ಲಿ ಆರಂಭಿಸಿದ ‘ಆಫ್ರಿಕನ್ ಸ್ಟೋರಿಬುಕ್’ ಜಾಲತಾಣ ಆ ಖಂಡದ ಅನೇಕ ಭಾಷೆಗಳಲ್ಲಿ ಚಿತ್ರಕಥೆಗಳನ್ನು ಉಚಿತವಾಗಿ ಒದಗಿಸುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ‘ಸ್ಟೋರಿವೀವರ್’ ಆರಂಭಿಸಿತು. ಎರಡೂ ಮುಕ್ತ ಪರವಾನಗಿಯ ತಾಣಗಳಾದ್ದರಿಂದ ಅಲ್ಲಿನ ಕಥೆಯನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತಂದು ಮುದ್ರಿಸಿಕೊಳ್ಳಬಹುದು. ಆಫ್ರಿಕದ ಮಗುವಿಗಾಗಿ ಬರೆದ ಕಥೆಯನ್ನು ತುಮಕೂರಿನ ಮಗು ಕನ್ನಡದಲ್ಲಿ ಓದುವುದಕ್ಕೆ ಈಗ ಹಣದ ಅಡ್ಡಿಯಿಲ್ಲ.

ವ್ಯಕ್ತಿಗಳ ಸಾಹಸ, ಅದರ ಮಿತಿ

ಸರ್ಕಾರದ ಕೆಲಸವನ್ನು ಒಬ್ಬಂಟಿಯಾಗಿ ಹೊತ್ತವರೂ ರಾಜ್ಯದಲ್ಲಿದ್ದಾರೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಲಕ್ಷಾಂತರ ಗ್ರಂಥಗಳ ‘ಪುಸ್ತಕ ಮನೆ’ ಕಟ್ಟಿದ್ದಾರೆ. ಮೈಸೂರಿನ ರಾಜೀವ್‌ನಗರದಲ್ಲಿ ಕೂಲಿ ಕಾರ್ಮಿಕ ಸೈಯದ್ ಇಸಾಕ್ ಬಡಾವಣೆಯವರಿಗಾಗಿ ಉಚಿತ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಗಿ ಸುಮಾರು 11 ಸಾವಿರ ಪುಸ್ತಕಗಳು ಸುಟ್ಟುಹೋದವು. ಸುದ್ದಿ ಹರಡುತ್ತಲೇ ನಾನಾ ಕಡೆಗಳಿಂದ ಪುಸ್ತಕ ಮತ್ತು ಹಣದ ನೆರವು ಹರಿದುಬಂತು. ಜನರ ಪುಸ್ತಕಪ್ರೀತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಒಬ್ಬ ವ್ಯಕ್ತಿಯ ಗಳಿಕೆಯನ್ನು ನಂಬಿ ನಿಂತ ಗ್ರಂಥಾಲಯ ಒಂದೇ ರಾತ್ರಿಯಲ್ಲಿ ಇಲ್ಲವಾಗಬಹುದು ಎಂಬ ಎಚ್ಚರಿಕೆಯೂ ಅದರಲ್ಲಿದೆ. ಕಾನೂನಿನ ಅಗತ್ಯವಿರುವುದು ಈ ಕಾರಣಕ್ಕೇ.

ಓದುಗರು ತಿಳಿದಿರಬೇಕಾದದ್ದು

* ನಗರಸಭೆ ಅಥವಾ ಮಹಾನಗರ ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟುವವರು ರಸೀದಿಯಲ್ಲಿ ‘ಗ್ರಂಥಾಲಯ ಕರ’ದ ಮೊತ್ತವನ್ನು ಗಮನಿಸಬಹುದು.

* ನಗರದ ಅಂಚಿನ ಬಡಾವಣೆಗಳಲ್ಲಿ ಯಾವ ಗ್ರಂಥಾಲಯ ತಮ್ಮದೆಂಬ ಗೊಂದಲ ಸಹಜ. ನಗರ ಸಂಸ್ಥೆಯ ವ್ಯಾಪ್ತಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಶಾಖೆಗಳು, ಪಂಚಾಯಿತಿ ವ್ಯಾಪ್ತಿಯಲ್ಲಿ ಅರಿವು ಕೇಂದ್ರಗಳು ಸೇವೆ ನೀಡುತ್ತವೆ.

* ಒಳಗೆ ಕುಳಿತು ಓದಲು ಶುಲ್ಕವಿಲ್ಲ. ನಗರ ಶಾಖೆಗಳಲ್ಲಿ ಪುಸ್ತಕವನ್ನು ಮನೆಗೆ ಒಯ್ಯಲು ವಿಳಾಸದ ದಾಖಲೆ ಮತ್ತು ಮರಳಿ ಸಿಗುವ ಠೇವಣಿ ನೀಡಿ ಸದಸ್ಯರಾಗಬೇಕು.

* ರಾಜ್ಯ ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಆರಂಭವಾಗಿದ್ದು, ಮೊಬೈಲ್ ಮೂಲಕವೂ ನೋಂದಾಯಿಸಿಕೊಳ್ಳಬಹುದು.

ಗ್ರಂಥಾಲಯದ ವೇಳೆ ದುಡಿಯುವವರ ವೇಳೆಗೆ ಹೊಂದದಿದ್ದರೆ ಬದಲಾವಣೆ ಕೇಳುವ ಹಕ್ಕು ಓದುಗರಿಗಿದೆ. ಗ್ರಾಮೀಣ ಪ್ರದೇಶದವರು ಅದನ್ನು ಗ್ರಾಮಸಭೆಯಲ್ಲಿ, ನಗರವಾಸಿಗಳು ತಮ್ಮ ವಾರ್ಡ್‌ನ ಸಭೆಯಲ್ಲಿ ಪ್ರಸ್ತಾಪಿಸಬಹುದು. ಬೇಕಾದ ಪುಸ್ತಕದ ಹೆಸರನ್ನು ಗ್ರಂಥಪಾಲಕರಿಗೆ ಬರೆದು ಕೊಡುವುದಕ್ಕೂ ಅಡ್ಡಿಯಿಲ್ಲ.