ಅಳತೆ ಒಂದೇ, ಅಳೆದ ಹೊತ್ತು ಬೇರೆ

ಮೊದಲಿಗೆ ಒಂದು ಸಣ್ಣ ಲೆಕ್ಕ ನೋಡೋಣ. ಮಿಲಿಟರಿ ಭರತಿಗೆ ಹೋಗುವ ಹುಡುಗನ ಎತ್ತರ ಎಷ್ಟಿರಬೇಕು? ಜನರಲ್ ಡ್ಯೂಟಿ ಸಿಪಾಯಿಗೆ ಸೈನ್ಯ ಬಹುಕಾಲದಿಂದ ಇಟ್ಟುಕೊಂಡು ಬಂದ ಪಟ್ಟಿಯ ಪ್ರಕಾರ ಕರ್ನಾಟಕ, ಆಂಧ್ರ, ತಮಿಳುನಾಡು, ಕೇರಳದವರಿಗೆ 166 ಸೆಂಟಿಮೀಟರ್. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದವರಿಗೆ 168. ಪಂಜಾಬ್, ಹರಿಯಾಣದವರಿಗೆ 170. ಅಂದರೆ ವಿಜಯಪುರ ಜಿಲ್ಲೆಯ ಹುಡುಗ 166 ಇದ್ದರೆ ಸಾಕು, ಗಡಿ ದಾಟಿ ಜತ್ತ, ಅಕ್ಕಲಕೋಟೆಯ ನಮ್ಮ ಹುಡುಗ 168 ಇರಬೇಕು! ಇಬ್ಬರೂ ಉಣ್ಣುವುದು ಅದೇ ಜೋಳದ ರೊಟ್ಟಿ, ಆಡುವುದು ಅದೇ ಕನ್ನಡ. ಎಷ್ಟೋ ಮನೆಗಳಲ್ಲಿ ಇಬ್ಬರೂ ಸೋದರತ್ತೆ ಸೋದರಮಾವನ ಮಕ್ಕಳು. 1956ರಲ್ಲಿ ಎಳೆದ ಗೆರೆ ನಮ್ಮ ಹುಡುಗರಿಂದ ಎರಡು ಸೆಂಟಿಮೀಟರ್ ಹೆಚ್ಚು ಕೇಳುತ್ತದೆ.

ಇದನ್ನು ದೊಡ್ಡ ಅನ್ಯಾಯ ಅಂತ ಹೇಳಲು ಹೊರಟಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಸೈನಿಕನ ದೇಹ ಗಟ್ಟಿಯಿರಬೇಕು ಎಂಬುದರಲ್ಲೂ ಎರಡು ಮಾತಿಲ್ಲ. ಸಿಯಾಚಿನ್‌ನಲ್ಲಿ ನಿಲ್ಲುವವನಿಗೆ ಶಾಲಾ ಮಾಸ್ತರನ ಹೊಟ್ಟೆ ಇದ್ದರೆ ನಡೆಯುತ್ತದೆಯೇ? ಆದರೆ ನಿಯಮ ಬೇಕೇ ಬೇಡವೇ ಎಂಬುದು ಒಂದು ಪ್ರಶ್ನೆ, ಅದನ್ನು ಯಾರ ಮೇಲೆ, ಯಾವಾಗ, ಹೇಗೆ ಹೇರುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಸೈನ್ಯಗಳ ಇತಿಹಾಸದಲ್ಲಿ ಜಗಳ ಬಂದದ್ದೆಲ್ಲ ಹೆಚ್ಚಾಗಿ ಈ ಎರಡನೆಯದಕ್ಕೆ.

ಹಳೆಯ ಉದಾಹರಣೆ ಒಂದು ಬಲು ಸ್ವಾರಸ್ಯವಾಗಿದೆ. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸೈನ್ಯಕ್ಕೆ ಸೇರಲು 5 ಅಡಿ 3 ಅಂಗುಲ ಎತ್ತರ ಬೇಕಿತ್ತು. ಜನ ನುಗ್ಗಿ ಬಂದರು. ಸೇರಿಸಿಕೊಳ್ಳಲು ಜಾಗವಿಲ್ಲ, ಸಮವಸ್ತ್ರವಿಲ್ಲ. ಸೆಪ್ಟೆಂಬರಿನಲ್ಲಿ ಸರ್ಕಾರ ಒಮ್ಮೆಗೇ 5 ಅಡಿ 6 ಅಂಗುಲಕ್ಕೆ ಏರಿಸಿತು. ಜನ ಕಡಿಮೆಯಾದ ಮೇಲೆ ಮತ್ತೆ ಇಳಿಸಿತು. ನೋಡಿ, ಮೂರು ತಿಂಗಳೊಳಗೆ ಒಬ್ಬನೇ ಮನುಷ್ಯ ಯೋಗ್ಯ, ಅಯೋಗ್ಯ, ಮತ್ತೆ ಯೋಗ್ಯ! ಅವನ ದೇಹ ಮಾತ್ರ ಇದ್ದ ಹಾಗೇ ಇತ್ತು. ಅಷ್ಟಾದರೂ 5 ಅಡಿ 3 ಅಂಗುಲಕ್ಕಿಂತ ಕೆಳಗಿನವರು ಹೊರಗೇ ಉಳಿದರು. ಇವರಲ್ಲಿ ಕಲ್ಲಿದ್ದಲ ಗಣಿಯ ಕೆಲಸಗಾರರು ಬಹಳ. ಕುಳ್ಳಗಿದ್ದರೂ ತೋಳು, ಎದೆ ಕಬ್ಬಿಣ. ಒಬ್ಬ ಗಣಿ ಕೆಲಸಗಾರ ಊರೂರು ಸುತ್ತಿ ಎಲ್ಲ ಕಡೆ ತಿರಸ್ಕಾರಗೊಂಡು, ಕೊನೆಗೆ ಅಲ್ಲಿದ್ದ ಯಾರ ಜೊತೆ ಬೇಕಾದರೂ ಹೊಡೆದಾಡಿ ತೋರಿಸುತ್ತೇನೆ ಎಂದು ರಂಪ ಮಾಡಿದನಂತೆ. ಆ ಸುದ್ದಿ ಬರ್ಕನ್‌ಹೆಡ್ ಊರಿನ ಪಾರ್ಲಿಮೆಂಟ್ ಸದಸ್ಯ ಆಲ್ಫ್ರೆಡ್ ಬಿಗ್‌ಲ್ಯಾಂಡ್ ಕಿವಿಗೆ ಬಿತ್ತು. ಅವರು ಯುದ್ಧ ಇಲಾಖೆಗೆ ಬರೆದು ಒಪ್ಪಿಗೆ ತಂದರು. 5 ಅಡಿಯಿಂದ 5 ಅಡಿ 3 ಅಂಗುಲದವರದ್ದೇ ಪಡೆ ಕಟ್ಟಬಹುದು, ಆದರೆ ಎದೆಯ ಸುತ್ತಳತೆ ಮಾತ್ರ ಇತರರಿಗಿಂತ ಒಂದು ಅಂಗುಲ ಹೆಚ್ಚಿರಬೇಕು ಎಂಬ ಷರತ್ತು. ನವೆಂಬರ್ ಕೊನೆಯ ಹೊತ್ತಿಗೆ ಬರ್ಕನ್‌ಹೆಡ್ಡಿನಲ್ಲಿ ಸುಮಾರು 3,000 ಜನ ಸೇರಿದರು. ಸಣ್ಣ ಜಾತಿಯ ಕಾಳಗದ ಹುಂಜಕ್ಕೆ ಇರುವ ಬ್ಯಾಂಟಮ್ ಎಂಬ ಹೆಸರೇ ಈ ಪಡೆಗಳಿಗೆ ಬಂತು. ಕೋಳಿ ಅಂಕ ನೋಡಿದವರಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. 1916ರಲ್ಲಿ ಸೋಮ್ ನದಿಯ ಕಾಳಗದಲ್ಲಿ ಅವರ 35ನೆಯ ಡಿವಿಜನ್ ಇತ್ತು.

ಈ ಕಥೆಯಲ್ಲಿ ನಾನು ಗುರುತು ಹಾಕಿಕೊಂಡದ್ದು ಒಂದೇ: ಅಳತೆ ತಪ್ಪಿದವನ ದೂರು ಅಳತೆ ಹಿಡಿದವನ ಮುಂದೆ ನಿಲ್ಲಲಿಲ್ಲ. ಹೊರಗಿನವರೊಬ್ಬರು ಕಾಗದ ಬರೆಯಬೇಕಾಯಿತು.

ಈಗ ನಮ್ಮ ದೇಶಕ್ಕೆ ಬರೋಣ. ವೈದ್ಯರು, ದಾದಿಯರನ್ನು ಬಿಟ್ಟರೆ ಭಾರತೀಯ ಸೈನ್ಯಕ್ಕೆ ಹೆಣ್ಣುಮಕ್ಕಳು ಅಧಿಕಾರಿಗಳಾಗಿ ಬಂದದ್ದು 1992ರ ನಂತರ. ಮೊದಲು 5 ವರ್ಷಕ್ಕೆ ಅಂದರು. ಆಮೇಲೆ 10 ಆಯಿತು, ಆಮೇಲೆ 14. ಇದಕ್ಕೆ ಶಾರ್ಟ್ ಸರ್ವಿಸ್ ಕಮಿಷನ್ ಎಂದು ಹೆಸರು. ಗಂಡಸರೂ ಇದೇ ಬಾಗಿಲಿನಿಂದ ಬರುತ್ತಿದ್ದರು. ಆದರೆ ಅವರಿಗೆ 5 ಅಥವಾ 10 ವರ್ಷದ ಹೊತ್ತಿಗೆ ಕಾಯಂ ಆಗುವ, ಅಂದರೆ ಪರ್ಮನೆಂಟ್ ಕಮಿಷನ್ ಕೇಳುವ ಅವಕಾಶವಿತ್ತು. ಹೆಂಗಸರಿಗೆ ಇರಲಿಲ್ಲ. 14 ವರ್ಷ ದುಡಿದು, ಪಿಂಚಣಿಗೆ ಬೇಕಾದ 20 ವರ್ಷ ತುಂಬದೆ ಮನೆಗೆ ಹೋಗಬೇಕು. ವಯಸ್ಸು ಆಗ ನಲವತ್ತರ ಹತ್ತಿರ. ಹೊಸ ನೌಕರಿ ಯಾರು ಕೊಡುತ್ತಾರೆ?

2003ರಲ್ಲಿ ಬಬಿತಾ ಪೂನಿಯಾ ಎಂಬ ವಕೀಲೆ ದೆಹಲಿ ಹೈಕೋರ್ಟಿಗೆ ಹೋದರು. ಆಮೇಲೆ ಅಧಿಕಾರಿಗಳೇ ಒಬ್ಬೊಬ್ಬರಾಗಿ ಸೇರಿಕೊಂಡರು. 2010ರ ಮಾರ್ಚಿನಲ್ಲಿ ಅವರ ಪರ ತೀರ್ಪು ಬಂತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. ಕೋರ್ಟು ತಡೆಯಾಜ್ಞೆ ಕೊಡಲಿಲ್ಲ, ಆದರೂ ತೀರ್ಪು ಜಾರಿಯಾಗಲಿಲ್ಲ. ಹತ್ತು ವರ್ಷ ಹಾಗೇ ಹೋಯಿತು. ನಮ್ಮ ಶಾಲೆಗೆ ಒಂದನೆಯ ಇಯತ್ತೆಗೆ ಬಂದ ಕೂಸು ಎಸ್ಸೆಸ್ಸಿ ಮುಗಿಸಿ ಹೊರಟುಹೋಗುವಷ್ಟು ಕಾಲ.

2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟು ಹೆಣ್ಣುಮಕ್ಕಳಿಗೂ ಪರ್ಮನೆಂಟ್ ಕಮಿಷನ್ ಕೊಡಲೇಬೇಕೆಂದು ಹೇಳಿತು. ಹೆಂಗಸರ ದೇಹಶಕ್ತಿ, ತಾಯ್ತನ, ಸಂಸಾರ ಎಂದೆಲ್ಲ ಸರ್ಕಾರ ಬರೆದುಕೊಟ್ಟ ವಾದವನ್ನು ಹಳೆಯ ಪೂರ್ವಗ್ರಹ ಎಂದು ತಳ್ಳಿಹಾಕಿತು. 2016ರಲ್ಲಿ ಹಲವು ದೇಶಗಳ ಸಮರಾಭ್ಯಾಸದಲ್ಲಿ ಭಾರತದ ತುಕಡಿಯನ್ನು ನಡೆಸಿದ್ದ ಸೋಫಿಯಾ ಖುರೇಷಿಯವರ ಹೆಸರು ಆ ತೀರ್ಪಿನಲ್ಲಿದೆ.

ಇಲ್ಲಿಗೆ ಮುಗಿಯಿತು ಎಂದು ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆದವು. ನಿಜವಾದ ಕಥೆ ಶುರುವಾದದ್ದೇ ಆಮೇಲೆ.

ಆ ಸೆಪ್ಟೆಂಬರಿನಲ್ಲಿ ಸೈನ್ಯ ಒಂದು ಆಯ್ಕೆ ಮಂಡಳಿ ಕೂರಿಸಿತು. 615 ಹೆಣ್ಣುಮಕ್ಕಳ ಹೆಸರು ಪರಿಶೀಲನೆಗೆ ಬಂತು. ಕಾಯಂ ಆದವರು 277. ಉಳಿದವರಲ್ಲಿ ಹಲವರು ಬಿದ್ದದ್ದು ವೈದ್ಯಕೀಯ ಪರೀಕ್ಷೆಯಲ್ಲಿ.

ಆ ಪರೀಕ್ಷೆ ಏನು ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಗುಟ್ಟೆಲ್ಲ ಅಲ್ಲೇ ಇದೆ. ಸೈನ್ಯದಲ್ಲಿ ಶೇಪ್ ಎಂಬ ಲೆಕ್ಕವಿದೆ. ಇಂಗ್ಲಿಷಿನ ಐದು ಅಕ್ಷರ, ಐದು ಅಂಶ: ಮನಸ್ಸು, ಕಿವಿ, ಕೈಕಾಲು, ಒಟ್ಟು ದೇಹಶಕ್ತಿ, ಕಣ್ಣು. ಪ್ರತಿಯೊಂದಕ್ಕೂ ಅಂಕ. ಎಲ್ಲದರಲ್ಲೂ 1 ಬಂದರೆ ಶೇಪ್ ಒಂದು, ಅಂದರೆ ಎಲ್ಲಿ ಬೇಕಾದರೂ ಕಳಿಸಬಹುದಾದ ದೇಹ. ಇಲ್ಲಿ ನಮ್ಮ ಮಾರ್ಕ್ಸ್ ಕಾರ್ಡಿನ ಉಲ್ಟಾ, ಅಂಕ ಹೆಚ್ಚಾದಷ್ಟೂ ಕೆಟ್ಟದ್ದು. ಕಾಯಂ ಆಗಬೇಕಾದರೆ ಶೇಪ್ ಒಂದರಲ್ಲಿ ಇರಬೇಕು. ಗಂಡಸರಿಗೂ ಇದೇ ನಿಯಮ, ಹೆಂಗಸರಿಗೂ ಇದೇ. ಸಮಾನತೆ ಕೇಳಿದಿರಿ, ಇಗೋ ಸಮಾನತೆ ಎಂದು ಸರ್ಕಾರದ ವಾದ. ಮೇಲ್ನೋಟಕ್ಕೆ ಸರಿಯೇ ಕಾಣುತ್ತದೆ, ಅಲ್ಲವೇ?

ಆದರೆ ಗಂಡಸು ಈ ಪರೀಕ್ಷೆಗೆ ನಿಂತದ್ದು ಸೇವೆಯ 5ನೆಯ ಅಥವಾ 10ನೆಯ ವರ್ಷದಲ್ಲಿ, ವಯಸ್ಸು 25ರಿಂದ 30 ಇದ್ದಾಗ. ಪಾಸಾಗಿ ಕಾಯಂ ಆದ. ಆಮೇಲೆ ಅವನಿಗೆ ಸಕ್ಕರೆ ಕಾಯಿಲೆ ಬರಲಿ, ಮಂಡಿ ನೋವು ಬರಲಿ, ತೂಕ ಏರಲಿ, ಶೇಪ್ ಒಂದು ತಪ್ಪಿತು ಅಂತ ಅಷ್ಟಕ್ಕೇ ಅವನ ಕಾಯಂ ನೌಕರಿ ಹೋಗುವುದಿಲ್ಲ. ಅವನದೇ ಬ್ಯಾಚಿನ ಹೆಣ್ಣುಮಗಳಿಗೆ ಆ ವಯಸ್ಸಿನಲ್ಲಿ ಪರೀಕ್ಷೆಗೆ ನಿಲ್ಲಲು ಬಿಡಲೇ ಇಲ್ಲ. 2010ರ ತೀರ್ಪನ್ನು ಹತ್ತು ವರ್ಷ ಕಪಾಟಿನಲ್ಲಿಟ್ಟು, ಅವಳಿಗೆ 40, 45, ಕೆಲವರಿಗೆ 50 ಆದ ಮೇಲೆ ಕರೆದು, ಬಾ, ನಿನ್ನನ್ನು ಇಪ್ಪತ್ತೈದರ ಹುಡುಗನ ಅಳತೆಯಲ್ಲಿ ಅಳೆಯುತ್ತೇವೆ ಎಂದರು. ಅವಳ ಪಕ್ಕದ ಕುರ್ಚಿಯಲ್ಲಿ ಕೂತ, ಅವಳಷ್ಟೇ ವಯಸ್ಸಿನ, ಬಹುಶಃ ಅವಳಿಗಿಂತ ದಪ್ಪಗಿನ ಗಂಡಸು ಅಧಿಕಾರಿಯನ್ನು ಆ ಪರೀಕ್ಷೆಗೆ ಯಾರೂ ಕರೆಯಲಿಲ್ಲ.

ದೂರು ಎಲ್ಲಿ ಕೊಡಬೇಕು? ಸೈನ್ಯದಲ್ಲಿ ಇದು ಸುಲಭದ ಮಾತಲ್ಲ. ಸಂಪು ಹೂಡುವಂತಿಲ್ಲ, ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಹೇಳುವಂತಿಲ್ಲ. ಸಂವಿಧಾನದ 33ನೆಯ ವಿಧಿಯೇ ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಹಾಗಂತ ಬಾಗಿಲೇ ಇಲ್ಲವೆಂದಲ್ಲ. 1950ರ ಸೇನಾ ಕಾಯ್ದೆಯ 26ನೆಯ ಕಲಮು ಸಿಪಾಯಿಗೆ, 27ನೆಯದು ಅಧಿಕಾರಿಗೆ ದೂರು ಕೊಡುವ ಹಕ್ಕು ಕೊಡುತ್ತದೆ. ಮೇಲಧಿಕಾರಿಯಿಂದ ನ್ಯಾಯ ಸಿಗದಿದ್ದರೆ ಅಧಿಕಾರಿ ಕೇಂದ್ರ ಸರ್ಕಾರದವರೆಗೂ ಹೋಗಬಹುದು. 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಬಂತು, 2009ರಲ್ಲಿ ಕೆಲಸ ಶುರುಮಾಡಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಸೈನ್ಯದಲ್ಲಿರುವವರು ಈ ಎರಡು ಕಲಮುಗಳನ್ನು ನೆನಪಿಟ್ಟುಕೊಳ್ಳಿ. ಈ ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಪ್ರಶ್ನೆ ಸುಪ್ರೀಂ ಕೋರ್ಟಿನದೇ ತೀರ್ಪಿನ ಜಾರಿಯದ್ದು. ಹಾಗಾಗಿ ಲೆಫ್ಟಿನೆಂಟ್ ಕರ್ನಲ್ ನಿತೀಶಾ ಮತ್ತು ಇತರರು ನೇರ ಅಲ್ಲಿಗೇ ಹೋದರು.

2021ರ ಮಾರ್ಚ್ 25ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ತೀರ್ಪು ಬಂತು. ಅದರಲ್ಲಿ ನನಗೆ ಮೆಚ್ಚಿಗೆಯಾದದ್ದು ಅದರ ಎಚ್ಚರಿಕೆ. ಶೇಪ್ ಅಳತೆ ತಪ್ಪು ಎಂದು ಅದು ಹೇಳಲಿಲ್ಲ. ಸೈನಿಕನ ದೇಹ ಹೇಗಿರಬೇಕೆಂದು ನಿರ್ಧರಿಸುವುದು ನ್ಯಾಯಾಧೀಶರ ಕೆಲಸವಲ್ಲ ಎಂದೇ ಒಪ್ಪಿಕೊಂಡಿತು. ಅಳತೆ ಸರಿ, ಅಳೆದ ಹೊತ್ತು ತಪ್ಪು ಎಂದಿತು. ಇವರ ದೇಹಸ್ಥಿತಿಯನ್ನು ಸೇವೆಯ 5ನೆಯ ಅಥವಾ 10ನೆಯ ವರ್ಷದಲ್ಲಿ ಇದ್ದ ಹಾಗೆ ನೋಡಬೇಕು. ತಾತ್ಕಾಲಿಕ ತೊಂದರೆ ಇದ್ದವರಿಗೆ ಗಂಡಸರಿಗೆ ಕೊಟ್ಟ ಹಾಗೆಯೇ ಸುಧಾರಿಸಿಕೊಳ್ಳಲು ಒಂದು ವರ್ಷ ಕೊಡಬೇಕು.

ವಾರ್ಷಿಕ ಗೋಪ್ಯ ವರದಿಗಳ ವಿಷಯವನ್ನೂ ಕೋರ್ಟು ಕೆದಕಿತು. ಕಾಯಂ ಆಗುವುದೇ ಇಲ್ಲ ಎಂದು ಗೊತ್ತಿದ್ದ ಕಾಲದಲ್ಲಿ ಹೆಣ್ಣು ಅಧಿಕಾರಿಯ ವರದಿಯನ್ನು ಮೇಲಿನವರು ಮನಸ್ಸಿಟ್ಟು ಬರೆದಿರಲಿಲ್ಲ. ಈಗ ಅದೇ ವರದಿಯನ್ನು ಹಿಡಿದು ಅವಳನ್ನು ತೂಗಿದರು. ತಮಾಷೆ ನೋಡಿ: ವರದಿ ನೋಡುವಾಗ ಸೇವೆಯ ಮೊದಲ ವರ್ಷಗಳನ್ನೇ ಹಿಡಿದರು, ಆಮೇಲಿನ ಸಾಧನೆ, ಪ್ರಶಂಸೆ ಲೆಕ್ಕಕ್ಕಿಲ್ಲ. ದೇಹ ನೋಡುವಾಗ ಮಾತ್ರ ಇವತ್ತಿನ ವಯಸ್ಸು! ಎರಡೂ ಕಡೆ ಗಾಳಿ ಒಂದೇ ದಿಕ್ಕಿಗೆ ಬೀಸಿತು.

ಇಂಥದ್ದಕ್ಕೆ ಕೋರ್ಟು ಪರೋಕ್ಷ ತಾರತಮ್ಯ ಎಂಬ ಹೆಸರು ಬಳಸಿತು. ಹೊರಗಿನಿಂದ ಎಲ್ಲರಿಗೂ ಒಂದೇ ಎನ್ನಿಸುವ ನಿಯಮ, ಒಳಗಿನಿಂದ ಒಂದು ಗುಂಪನ್ನೇ ಹೊಡೆಯುವುದು. ಯಾರಿಗೂ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ, ಫಲ ನೋಡಿದರೆ ಸಾಕು. ಕೆನಡಾದಲ್ಲಿ 1999ರಲ್ಲೇ ಇಂಥದೊಂದು ಮೊಕದ್ದಮೆ ತೀರ್ಮಾನವಾಗಿತ್ತು. ಕಾಡಿನ ಬೆಂಕಿ ಆರಿಸುವ ಪಡೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಟಾನಿ ಮಿಯೊರಿನ್ ಎಂಬಾಕೆ, ಹೊಸದಾಗಿ ಬಂದ ನಿಯಮದಂತೆ ಎರಡೂವರೆ ಕಿಲೋಮೀಟರನ್ನು 11 ನಿಮಿಷದಲ್ಲಿ ಓಡಲಾಗದೆ ನೌಕರಿ ಕಳೆದುಕೊಂಡಿದ್ದಳು. ತಡವಾದದ್ದು ಒಂದು ನಿಮಿಷಕ್ಕೂ ಕಡಿಮೆ. ಆ ಓಟಕ್ಕೂ ಬೆಂಕಿ ಆರಿಸುವುದಕ್ಕೂ ಏನು ಸಂಬಂಧ ತೋರಿಸಿ ಎಂದು ಕೋರ್ಟು ಕೇಳಿತು. ಸರ್ಕಾರ ತೋರಿಸಲಾಗಲಿಲ್ಲ. ಆಕೆಗೆ ಕೆಲಸ ಮರಳಿ ಸಿಕ್ಕಿತು.

ನಮ್ಮಲ್ಲಿ ಮಾರ್ಚಿನ ತೀರ್ಪಿನ ನಂತರವೂ ಎಳೆದಾಟ ನಿಲ್ಲಲಿಲ್ಲ. ಬಿಟ್ಟುಹೋದವರು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದರು. ಅಕ್ಟೋಬರ್ 22ರಂದು 39 ಜನರಿಗೆ ಏಳು ಕೆಲಸದ ದಿನಗಳಲ್ಲಿ ಆದೇಶ ಕೊಡಿ ಎಂದು ಕೋರ್ಟು ಹೇಳಿತು. ಇನ್ನೂ ಕೆಲವರು ಉಳಿದಿದ್ದರು. ನವೆಂಬರ್ 12ರಂದು ಸೈನ್ಯವನ್ನು ನಿಂದನೆಯ ತಪ್ಪಿತಸ್ಥನೆಂದು ಘೋಷಿಸಬೇಕಾದೀತು ಎಂದು ಎಚ್ಚರಿಸಿದ ಮೇಲೆ ಸರ್ಕಾರ ಅವರಲ್ಲಿ 11 ಜನರಿಗೂ ಒಪ್ಪಿತು.

ಅದಾಗಿ ಎರಡೇ ದಿನಕ್ಕೆ, ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ದೇಶದ ಹುಡುಗಿಯರು ಮೊದಲ ಸಲ ಕುಳಿತರು. ಬರಹದ ಪರೀಕ್ಷೆಯಲ್ಲಿ ತೇರ್ಗಡೆಯಾದವರು 1,002 ಜನ. ಅವರಲ್ಲಿ ಆಯ್ಕೆಯಾಗಿ ತರಬೇತಿ ಮುಗಿಸಿದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಪುಣೆಯ ಹತ್ತಿರದ ಖಡಕವಾಸಲಾದಿಂದ ಹೊರಬಂದರು. ನಮ್ಮ ಎಂಟನೆಯ, ಒಂಬತ್ತನೆಯ ಇಯತ್ತೆಯ ಹುಡುಗಿಯರು ಆ ಊರು ಎಷ್ಟು ದೂರ ಎಂದು ನಕ್ಷೆಯಲ್ಲಿ ನೋಡಲಿ, ಸೊಲ್ಲಾಪುರದಿಂದ ಒಂದು ರೈಲಿನ ದಾರಿ. ಆದರೆ ಅದರ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಗಣಿತ ಕಲಿತ ನಮ್ಮ ಮಕ್ಕಳಿಗೆ ಅದೂ ಒಂದು ಅಳತೆಯೇ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.