ಮಗು ದತ್ತು ಪಡೆಯಬೇಕಾ? ಹೆಗ್ಗೋಡಿನಿಂದ ಶಿವಮೊಗ್ಗದವರೆಗಿನ ದಾರಿ ಹೀಗಿದೆ

ಹೆಗ್ಗೋಡು: ‘ಆಸ್ಪತ್ರೆಯಲ್ಲಿ ಪರಿಚಯದವರಿದ್ದಾರೆ, ಯಾರಿಗೋ ಬೇಡದ ಮಗು ಇದ್ದರೆ ಹೇಳ್ತಾರಂತೆ.’ ಮದುವೆಯಾಗಿ ಹತ್ತು ಹನ್ನೆರಡು ವರ್ಷ ಮಕ್ಕಳಾಗದ ದಂಪತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇಂಥ ಮಾತು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ದಾರಿ ಜೈಲಿನ ಕಡೆಗೂ ಹೋಗುತ್ತದೆ.

ಅನಾಥ, ಪರಿತ್ಯಕ್ತ ಅಥವಾ ಹೆತ್ತವರು ಒಪ್ಪಿಸಿದ ಮಗುವನ್ನು ಕಾನೂನಿನ ಕ್ರಮ ಬಿಟ್ಟು ದತ್ತು ಕೊಟ್ಟರೂ ತಗೊಂಡರೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ದುಡ್ಡು ಕೈ ಬದಲಾಯಿಸಿದರೆ ಅದು ಮಗುವಿನ ಮಾರಾಟ, ಶಿಕ್ಷೆ ಐದು ವರ್ಷದವರೆಗೆ. ಆಸ್ಪತ್ರೆ ಸಿಬ್ಬಂದಿಯೇ ಮಾಡಿದ್ದಾದರೆ ಏಳು ವರ್ಷದವರೆಗೂ ಹೋಗುತ್ತದೆ. ಇದಕ್ಕಿಂತ ದೊಡ್ಡ ನೋವು ಬೇರೆ: ವರ್ಷಗಟ್ಟಲೆ ಎತ್ತಿ ಆಡಿಸಿದ ಮಗುವನ್ನು ಅಧಿಕಾರಿಗಳು ಬಂದು ಕರೆದೊಯ್ಯಬಹುದು. ಛಾಪಾ ಕಾಗದದ ಮೇಲೆ ಬರೆಸಿಕೊಂಡರೆ ಸಾಕು ಎಂಬುದೂ ತಪ್ಪು. ಪಕ್ಕದ ಉಡುಪಿಯಲ್ಲಿ ಎರಡು ಕುಟುಂಬಗಳು ಮಗು ಹುಟ್ಟುವ ಮೊದಲೇ ದತ್ತು ಒಪ್ಪಂದ ಮಾಡಿಕೊಂಡಿದ್ದವು. ಅಂಥ ಒಪ್ಪಂದ ನಿಲ್ಲುವುದಿಲ್ಲ ಅಂತ 2022ರಲ್ಲಿ ರಾಜ್ಯ ಹೈಕೋರ್ಟ್ ಹೇಳಿತು.

ಹಾಗಾದರೆ ಸರಿಯಾದ ದಾರಿ ಯಾವುದು? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಶಿವಮೊಗ್ಗದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಮೊದಲು ಅಲ್ಲಿ ವಿಚಾರಿಸಿ. ಅಷ್ಟು ದೂರ ಹೋಗಲಾಗದವರು ತಾಲ್ಲೂಕಿನ ಸಿಡಿಪಿಒ ಕಚೇರಿಯಲ್ಲಿ ಅಥವಾ ಊರಿನ ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಕೇಳಬಹುದು. ಅರ್ಜಿ ಮಾತ್ರ ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ ‘ಕೇರಿಂಗ್ಸ್’ ಪೋರ್ಟಲ್‌ನಲ್ಲೇ ಹಾಕಬೇಕು. ಜನನ, ಮದುವೆ, ಆದಾಯ, ವಿಳಾಸ ಮತ್ತು ವೈದ್ಯಕೀಯ ದಾಖಲೆ ಬೇಕು. ನಂತರ ಸಮಾಜ ಕಾರ್ಯಕರ್ತರು ಮನೆಗೆ ಬಂದು ಅಧ್ಯಯನ ವರದಿ ಮಾಡುತ್ತಾರೆ. ಮನೆ ಹಂಚಿನದೋ ತಾರಸಿಯದೋ ಅಂತ ನೋಡಲು ಬರುವುದಲ್ಲ, ಮಗು ಬೆಳೆಯುವ ವಾತಾವರಣ ಹೇಗಿದೆ ಎಂದು ತಿಳಿಯಲು. ಶುಲ್ಕ ಸರ್ಕಾರ ನಿಗದಿ ಮಾಡಿದ್ದಷ್ಟೇ, ರಸೀದಿ ತಗೊಳ್ಳಿ.

ದಂಪತಿಯಾದರೆ ಕನಿಷ್ಠ ಎರಡು ವರ್ಷದ ದಾಂಪತ್ಯ ಆಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಒಂಟಿ ಮಹಿಳೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣುಮಗು ಸಿಗುವುದಿಲ್ಲ. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿದರೆ 85 ಮೀರಬಾರದು. ಎಂಟು ವರ್ಷ ದಾಟಿದ ಮಗುವಿಗೆ ಈ ಮಿತಿ 110. ಹಾಗಾಗಿ ಐವತ್ತರ ಆಸುಪಾಸಿನವರಿಗೆ ಬಾಗಿಲು ಮುಚ್ಚಿಲ್ಲ.

ಕಾಯುವುದೇ ಕಷ್ಟ. ಎಲ್ಲರಿಗೂ ಹಸುಗೂಸೇ ಬೇಕು, ಅದೂ ಆರೋಗ್ಯವಂತ ಕೂಸು. ಅಂಥವರ ಸರದಿ ಬರಲು ಮೂರು ವರ್ಷ ದಾಟುವುದೂ ಉಂಟು. ಇದೇ ಹೊತ್ತಿಗೆ ಆರೇಳು ವರ್ಷದ ಮಕ್ಕಳು, ಒಟ್ಟಿಗೇ ಇರಬೇಕಾದ ಅಣ್ಣ ತಂಗಿಯರು, ವಿಶೇಷ ಆರೈಕೆ ಬೇಕಾದವರು ದತ್ತು ಕೇಂದ್ರಗಳಲ್ಲಿ ಮನೆಗಾಗಿ ಕಾಯುತ್ತಿರುತ್ತಾರೆ. ‘ದೊಡ್ಡ ಮಗು ನಮ್ಮನ್ನು ಹಚ್ಚಿಕೊಳ್ಳಲ್ಲ’ ಎಂಬ ಭಯಕ್ಕೆ ಇವರು ಬಲಿ. ಐದು ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಲಾಗುತ್ತದೆ, ಅಂದರೆ ಆ ಮಗು ನಿಮ್ಮನ್ನು ತಾನೇ ಒಪ್ಪಿ ಬಂದಿರುತ್ತದೆ. ಇಂಥ ಮಕ್ಕಳಿಗೆ ಸಿದ್ಧರಿದ್ದರೆ ಕಾಯುವ ಕಾಲ ಬಹಳ ಕಡಿಮೆ.

ಇನ್ನು ಮಗುವನ್ನು ಸಾಕಲಾಗದ ತಾಯಿಯ ವಿಷಯ. ಮರ್ಯಾದೆಗೆ ಅಂಜಿ ಕೂಸನ್ನು ಬಸ್‌ಸ್ಟ್ಯಾಂಡಿನಲ್ಲೋ ಕಾಡಂಚಿನಲ್ಲೋ ಬಿಡುವ ಅಗತ್ಯ ಇಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮದುವೆಯಾಗದ ತಾಯಿ ಒಬ್ಬಳೇ ಬಂದರೂ ಸಾಕು. ಹೆಸರು ಗುಟ್ಟಾಗಿರುತ್ತದೆ, ಮನಸ್ಸು ಬದಲಾದರೆ ಎರಡು ತಿಂಗಳೊಳಗೆ ವಾಪಸ್ ಪಡೆಯಬಹುದು. ಯಾರಿಗಾದರೂ ಬಿಟ್ಟುಹೋದ ಕೂಸು ಕಂಡರೆ 1098ಕ್ಕೆ ಫೋನ್ ಮಾಡಿ ಅಥವಾ ಪೊಲೀಸರಿಗೆ ತಿಳಿಸಿ. 24 ಗಂಟೆಯೊಳಗೆ ತಿಳಿಸದೆ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ.

ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ದತ್ತು ಪಡೆಯುವುದು ನಮ್ಮ ತೋಟದ ಮನೆಗಳಲ್ಲಿ ಹಳೆಯ ಪದ್ಧತಿ. ಹಿಂದೂಗಳಿಗೆ 1956ರ ದತ್ತಕ ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಇದೆ. ಸಾಮಾನ್ಯವಾಗಿ ಮಗುವಿಗೆ 15 ತುಂಬಿರಬಾರದು, ಗಂಡುಮಗು ದತ್ತು ಪಡೆಯುವವರಿಗೆ ಮಗ, ಮೊಮ್ಮಗ ಇರಬಾರದು, ಹಣದ ಮಾತು ಇರಲೇಬಾರದು. ದತ್ತುಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಡಿ. ಹೋಮ ಮಾಡಿಸಿ ನೆಂಟರಿಗೆ ಊಟ ಹಾಕಿದ್ದೇ ಸಾಕ್ಷಿ ಅಂತ ಬಿಟ್ಟವರ ಮನೆಯಲ್ಲಿ, ತೋಟದ ಖಾತೆ ಬದಲಾಯಿಸುವಾಗ ದಾಯಾದಿಗಳ ತಕರಾರು ಏಳುತ್ತದೆ.

ಕೇರಿಂಗ್ಸ್ ಮೂಲಕ ಬಂದ ಮಗುವಿಗೆ ಈಗ ಕೋರ್ಟಿನ ಬದಲು ಜಿಲ್ಲಾಧಿಕಾರಿಯೇ ದತ್ತು ಆದೇಶ ಕೊಡುತ್ತಾರೆ. 2022ರ ಸೆಪ್ಟೆಂಬರ್‌ನಿಂದ ಈ ಕ್ರಮ ಇದೆ. ಆದೇಶ ಬಂದ ಮೇಲೆ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿ ಜಾಗಕ್ಕೆ ನಿಮ್ಮ ಹೆಸರೇ ಬರುತ್ತದೆ. ಮುಂದಿನ ಎರಡು ವರ್ಷ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಮಗು ಹೇಗಿದೆ ಅಂತ ನೋಡಿಕೊಂಡು ಹೋಗುತ್ತಾರೆ.